ಕೀಮೋ ನಡೆಯುತ್ತಿರುವಾಗ ಮನೆಗೆ ನಾಯಿ ತರಬಹುದಾ?

ಮಲ್ಲಿಗೆ_ಮೈಸೂರು
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ನನಗೆ 47 ವರ್ಷ. ಸ್ತನ ಕ್ಯಾನ್ಸರ್, ಎಡಗಡೆ ಆಪರೇಷನ್ ಆಗಿದೆ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಕೀಮೋ. ಮೂರು ವಾರಕ್ಕೊಂದರಂತೆ ನಾಲ್ಕು ಸಲ ಆ ಕೆಂಪು ಔಷಧ, ಅದರಲ್ಲಿ ಎರಡು ಮುಗಿದಿದೆ. ಆಮೇಲೆ ಬೇರೆ ಔಷಧ, ವಾರಕ್ಕೊಂದು, 12 ವಾರ. ಅದಾದ ಮೇಲೆ ರೇಡಿಯೇಷನ್.

ನಮ್ಮ ಯಜಮಾನರು ನಂಜನಗೂಡಿನ ಫ್ಯಾಕ್ಟರಿಗೆ ಬೆಳಗ್ಗೆ 7ಕ್ಕೆ ಹೊರಟರೆ ವಾಪಸ್ ಬರುವುದು ಸಂಜೆ ಆರೂವರೆಗೆ. ಮಗ ಮಂಗಳೂರಿನಲ್ಲಿ ಹಾಸ್ಟೆಲ್. ಅತ್ತೆ ಒಂದು ತಿಂಗಳು ಬಂದಿದ್ದು ನೋಡಿಕೊಂಡರು, ಈಗ ಅವರಿಗೇ ಮಂಡಿನೋವು ಜಾಸ್ತಿಯಾಗಿ ಹಾಸನಕ್ಕೆ ಹೋದರು. ಹನ್ನೊಂದೂವರೆ ಗಂಟೆ ಮನೆಯಲ್ಲಿ ನಾನೊಬ್ಬಳೇ. ಕೌಂಟ್ (ರಕ್ತದಲ್ಲಿನ ಬಿಳಿ ಕಣ) ಕಡಿಮೆ ಇರುವಾಗ ಜನ ಸೇರಬಾರದು ಅಂತ ನೋಡಲು ಬರುವವರಿಗೆ ನಾನೇ ಬರಬೇಡಿ ಎಂದಿದ್ದೇನೆ. ಫೋನ್ ಮಾಡುವವರು ಕೇಳುವುದು ಮೂರೇ ಪ್ರಶ್ನೆ. ವಾಂತಿ ಇದೆಯಾ, ಊಟ ಸೇರುತ್ತಾ, ಕೂದಲು ಪೂರ್ತಿ ಹೋಯಿತಾ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೂ ಹೇಳಿ ಹೇಳಿ ಸಾಕಾಗಿದೆ.

ಕಳೆದ ಗುರುವಾರ ಮಧ್ಯಾಹ್ನ ಗೇಟಿನ ಒಳಗೆ ಮೆಟ್ಟಿಲ ಮೇಲೆ ಕೂತಿದ್ದೆ. ನಮ್ಮ ಬೀದಿಯದೇ ಒಂದು ಕಂದು ನಾಯಿ, ಕಿವಿಯ ತುದಿ ಕತ್ತರಿಸಿದೆ, ಬಂದು ಗೇಟಿನ ಆಚೆ ಮಲಗಿತು. ಮೂತಿಯನ್ನು ಕಂಬಿಯ ಸಂದಿಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಇಬ್ಬರೂ ಸುಮ್ನೆ ಇದ್ದೆವು. ಒಳಗೆ ಬಂದಾಗ ಗಡಿಯಾರದಲ್ಲಿ ನಾಲ್ಕಾಗಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಮಧ್ಯಾಹ್ನ ಕಳೆದಿದ್ದು ಗೊತ್ತಾಗಲಿಲ್ಲ.

ಈಗ ಪರಿಚಯದವರೊಬ್ಬರು 45 ದಿನದ ಲ್ಯಾಬ್ರಡಾರ್ ಮರಿ ಕೊಡುತ್ತೇವೆ ಅನ್ನುತ್ತಿದ್ದಾರೆ, ದುಡ್ಡೇನೂ ಬೇಡವಂತೆ. ಮಗ ತಗೋ ಅಮ್ಮ ಅನ್ನುತ್ತಾನೆ. ಯಜಮಾನರು ಚಿಕಿತ್ಸೆ ಮುಗಿಯಲಿ ಅನ್ನುತ್ತಾರೆ. ಡಾಕ್ಟರನ್ನು ಕೇಳಿದೆ, ಫೈಲಿನಿಂದ ತಲೆ ಎತ್ತದೆ "ಪ್ರಾಣಿಗೀಣಿ ಬೇಡಮ್ಮ" ಅಂದರು, ಮುಂದಿನವರನ್ನು ಕರೆದರು. ಯಾಕೆ ಬೇಡ, ಯಾವುದು ಬೇಡ, ಕೇಳಲು ಆಗಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಕಾಫಿಕಣಿವೆ
ಅಕ್ಕಾ, ಬೇಗ ಹುಷಾರಾಗಿ. ಮರಿ ಮಾತ್ರ ಬೇಡ. ಆರೋಗ್ಯವಂತರಿಗೇ ಮರಿ ಸಾಕುವುದು ಕಷ್ಟ. ನಮ್ಮದು ಮೊದಲ ಎರಡು ತಿಂಗಳು ರಾತ್ರಿ ಮಲಗಲು ಬಿಟ್ಟಿಲ್ಲ.

ತುಮಕೂರು_ಪಶುವೈದ್ಯ
ನಾನು ಪಶುವೈದ್ಯ, 16 ವರ್ಷದಿಂದ. ಮೇಡಂ, ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ. "ನಾಯಿ ಬೇಡ" ಬೇರೆ, "ಮರಿ ಬೇಡ" ಬೇರೆ.

45 ದಿನದ ಮರಿಗೆ ಮೊದಲ ಲಸಿಕೆ ಆಗಿದ್ದರೆ ಈಗಷ್ಟೇ ಆಗಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಹೀಗೆ 16 ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳದ ಔಷಧ ಎರಡು ವಾರಕ್ಕೊಮ್ಮೆ. ಈ ವಯಸ್ಸಿನ ಮರಿಗೆ ಬೇಧಿ ಆಗುವುದು ಮಾಮೂಲು, ಅದರಲ್ಲಿ ಮನುಷ್ಯರಿಗೂ ಅಂಟುವ ಬ್ಯಾಕ್ಟೀರಿಯಾ ಇರಬಹುದು. ನೆಲ ಒರೆಸುವವರು ಯಾರು? ಹಗಲೆಲ್ಲ ನೀವೊಬ್ಬರೇ. ಅಂದರೆ ನೀವೇ.

ಇನ್ನು ಹಾಲುಹಲ್ಲು. ಸೂಜಿಯ ಹಾಗಿರುತ್ತದೆ. ನಾಲ್ಕನೇ ತಿಂಗಳಿನಿಂದ ಉದುರಲು ಶುರುವಾಗಿ, ಪೂರ್ತಿ ಬದಲಾಗಲು ಆರು ಏಳು ತಿಂಗಳು ಬೇಕು. ಅಲ್ಲಿಯವರೆಗೆ ಕೈ, ಕಾಲು, ಸೆರಗು, ಎಲ್ಲ ಕಚ್ಚುತ್ತದೆ. ಆಟಕ್ಕೇ ಕಚ್ಚುವುದು, ಆದರೆ ರಕ್ತ ಬರುತ್ತದೆ. ನಿಮ್ಮ ಎಡಗೈ ಕಂಕುಳಿನ ಗಂಟು ತೆಗೆದ ಕೈ. ಆ ಕೈಗೆ ಸಣ್ಣ ಗಾಯವೂ ಆಗದಂತೆ ನೋಡಿಕೊಳ್ಳಿ ಅಂತ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ, ಅಲ್ವಾ?

ಎರಡು ವರ್ಷ ದಾಟಿದ, ಲಸಿಕೆ ಎಲ್ಲ ಆಗಿರುವ, ಮನೆಯಲ್ಲಿ ಬೆಳೆದು ಪಳಗಿದ ನಾಯಿ ಆದರೆ ಮಾತೇ ಬೇರೆ. ಮಲ ಪರೀಕ್ಷೆ ಮಾಡಿಸಿ, ಉಣ್ಣಿ, ಚಿಗಟಕ್ಕೆ ಔಷಧ ಹಾಕಿಸಿ, ಉಗುರು ಕತ್ತರಿಸಿ ತಂದರೆ ಅಪಾಯ ಬಹಳ ಕಡಿಮೆ. ಇಲಿಜ್ವರದ ಲಸಿಕೆ ಆಗಿದೆಯಾ ಅಂತಲೂ ನೋಡಬೇಕು. ನಾಯಿಯ ಮೂತ್ರದಿಂದಲೂ ಇಲಿಜ್ವರ ಬರುತ್ತದೆ, ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ಗೇಟಿನ ಹತ್ತಿರ ಬರುವ ಕಂದು ನಾಯಿಯ ಕಿವಿ ತುದಿ ಕತ್ತರಿಸಿದ್ದರೆ ಅದಕ್ಕೆ ಸಂತಾನಹರಣ ಆಪರೇಷನ್ ಆಗಿದೆ ಅಂತ ಗುರುತು. ಆಗ ಒಂದು ಸಲ ರೇಬೀಸ್ ಲಸಿಕೆಯೂ ಹಾಕಿರುತ್ತಾರೆ. ಆದರೆ ಅದನ್ನು ವರ್ಷ ವರ್ಷ ಹಾಕಬೇಕು. ಸದ್ಯಕ್ಕೆ ಕಂಬಿಯ ಆಚೆಯೇ ಇರಲಿ, ಕೈಯಿಂದ ಬಿಸ್ಕತ್ತು ತಿನ್ನಿಸಬೇಡಿ.

ಹಳೇಹುಬ್ಬಳ್ಳಿ
ಡಾಕ್ಟರ್ ಬೇಡ ಎಂದ ಮೇಲೆ ಮುಗಿಯಿತು. ಇಲ್ಲಿ ಬಂದು ಕೇಳಿ, ನೂರು ಜನ ನೂರು ಹೇಳಿ, ಯಾರದೋ ಮಾತು ನಂಬಿ ನಾಯಿ ತಂದು ಜ್ವರ ಬಂದರೆ ಯಾರು ಹೊಣೆ? ನಮ್ಮ ಭಾವನಿಗೆ ಕೀಮೋ ಆಗುವಾಗ ಮನೆಯಲ್ಲಿ ಹೂವಿನ ಕುಂಡವನ್ನೂ ಹೊರಗಿಟ್ಟಿದ್ದೆವು. ಒಂದು ವರ್ಷ ತಡೆದುಕೊಳ್ಳಿ ತಂಗಿ, ಜೀವ ಮುಖ್ಯ.

ಕೀಮೋ_ವಾರ್ಡ್_ಸಿಸ್ಟರ್
@ಹಳೇಹುಬ್ಬಳ್ಳಿ ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಎಲ್ಲ ಕೀಮೋ ಒಂದೇ ಅಲ್ಲ. ನಿಮ್ಮ ಭಾವನವರಿಗೆ ರಕ್ತದ ಕ್ಯಾನ್ಸರ್ ಆಗಿತ್ತಾ?

ಹಳೇಹುಬ್ಬಳ್ಳಿ
ಹೌದು ಸಿಸ್ಟರ್. ಆಮೇಲೆ ಅಸ್ಥಿಮಜ್ಜೆ ಕಸಿಯೂ ಆಯಿತು.

ಕೀಮೋ_ವಾರ್ಡ್_ಸಿಸ್ಟರ್
ಅದಕ್ಕೇ ಹಾಗೆ ಹೇಳಿದ್ದಾರೆ ಸರ್. ಲ್ಯುಕೇಮಿಯಾದಲ್ಲಿ ಕೌಂಟ್ ವಾರಗಟ್ಟಲೆ ನೆಲ ಕಚ್ಚಿರುತ್ತದೆ. ಕಸಿ ಆದವರು ಹೊಸ ಪ್ರಾಣಿಯನ್ನು ತಿಂಗಳುಗಟ್ಟಲೆ ತರಲೇಬಾರದು. ಸ್ತನ ಕ್ಯಾನ್ಸರ್ ಕೀಮೋದಲ್ಲಿ ಸಾಮಾನ್ಯವಾಗಿ ಔಷಧ ಹಾಕಿದ 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ, ಆಮೇಲೆ ಏರುತ್ತದೆ.

ನಾನು ಡೇ ಕೇರ್ ಕೀಮೋದಲ್ಲಿ 11 ವರ್ಷ ಕೆಲಸ ಮಾಡಿದ್ದೇನೆ. ಮನೆಯಲ್ಲಿ ಮೊದಲಿಂದಲೇ ನಾಯಿ ಬೆಕ್ಕು ಇದ್ದವರು ಎಷ್ಟೋ ಜನ ಬಂದಿದ್ದಾರೆ. ಅವರಿಗೆ ಯಾರೂ ಬಿಟ್ಟುಬನ್ನಿ ಎಂದಿಲ್ಲ, ಹೇಗೆ ಇರಬೇಕು ಅಂತ ಹೇಳಿಕೊಡುತ್ತೇವೆ. ಮಲ್ಲಿಗೆ ಮೇಡಂ, ನಾನು ಹೇಳುವುದಿಷ್ಟು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಊಟಕ್ಕೆ ಮೊದಲು ಮರೆಯಲೇಬೇಡಿ. ಮುಖ, ತುಟಿ ನೆಕ್ಕಿಸಿಕೊಳ್ಳಬೇಡಿ. ಬಾಯಲ್ಲಿ ಹುಣ್ಣಾಗಿರುತ್ತದೆ, ನಾಯಿಯ ಬಾಯಲ್ಲಿ ಸಹಜವಾಗಿ ಇರುವ ಬ್ಯಾಕ್ಟೀರಿಯಾ ಸಾಕು ತೊಂದರೆಗೆ. ಹಾಸಿಗೆಗೆ ಹತ್ತಿಸಬೇಡಿ. ಕೈಗೆ ಪಿಕ್ ಲೈನ್ (ಔಷಧ ಕೊಡಲು ತೋಳಿನ ರಕ್ತನಾಳಕ್ಕೆ ಹಾಕಿಡುವ ಸಣ್ಣ ಟ್ಯೂಬು) ಹಾಕಿದ್ದರೆ ತುಂಬು ತೋಳಿನ ಬಟ್ಟೆ ಹಾಕಿ, ನಾಯಿಗೆ ಅದು ನೇತಾಡುವ ದಾರ. ಮಲ ಎತ್ತುವುದು, ಸ್ನಾನ ಮಾಡಿಸುವುದು, ಎರಡೂ ಬೇರೆಯವರ ಕೆಲಸ.

ಇನ್ನೊಂದು ಕಡೆಯಿಂದಲೂ ಯೋಚನೆ ಮಾಡಬೇಕು. ನಮ್ಮಿಂದ ನಾಯಿಗೆ ಆಗುವ ಅಪಾಯ. ಕೀಮೋ ಆದ ಮೊದಲ 48 ಗಂಟೆ ಔಷಧ ಮೂತ್ರದಲ್ಲಿ, ವಾಂತಿಯಲ್ಲಿ ಹೊರಗೆ ಹೋಗುತ್ತಿರುತ್ತದೆ. ಆ ಕೆಂಪು ಔಷಧ ಹಾಕಿದ ದಿನ ಮೂತ್ರ ಕೆಂಪಗೆ ಬರುವುದನ್ನು ನೀವೇ ನೋಡಿರುತ್ತೀರಿ. ಕಮೋಡಿನ ಮುಚ್ಚಳ ಮುಚ್ಚಿ, ಎರಡು ಸಲ ನೀರು ಬಿಡಿ. ವಾಂತಿಯ ಬಕೆಟ್ ಮಂಚದ ಕೆಳಗೆ ಬಿಟ್ಟು ನಿದ್ದೆ ಹೋಗಬೇಡಿ. ಮಾತ್ರೆಯ ರೂಪದ ಕೀಮೋ ತಗೊಳ್ಳುವವರು ಇಲ್ಲಿ ಯಾರಾದರೂ ಇದ್ದರೆ ಅವರೂ ಕೇಳಿ: ಕ್ಯಾಪೆಸಿಟಾಬಿನ್ ಮಾತ್ರೆ ಕೆಳಗೆ ಬಿದ್ದು ನಾಯಿ ನುಂಗಿದರೆ ಅದು ಬದುಕುವುದು ಕಷ್ಟ.

100.4 ಡಿಗ್ರಿ ಜ್ವರ ಬಂದರೆ ನಾಯಿ ಇರಲಿ ಇಲ್ಲದಿರಲಿ, ರಾತ್ರಿ ಎರಡು ಗಂಟೆ ಆದರೂ ಆಸ್ಪತ್ರೆಗೆ ಹೊರಡಿ. ಬೆಳಗ್ಗೆ ನೋಡೋಣ ಅನ್ನಬೇಡಿ.

ನೇತ್ರಾವತಿ_ದಂಡೆ
ಬೆಕ್ಕು ತನ್ನಿ ಮೇಡಂ. ವಾಕಿಂಗ್ ಬೇಡ, ಸ್ನಾನ ಬೇಡ, ತನ್ನಷ್ಟಕ್ಕೆ ಇರುತ್ತದೆ. ಬೇಕಾದಾಗ ಬಂದು ಮಡಿಲಲ್ಲಿ ಮಲಗುತ್ತದೆ.

ಕಾಫಿಕಣಿವೆ
ಬೆಕ್ಕಿನಿಂದ ಟಾಕ್ಸೊಪ್ಲಾಸ್ಮಾ ಅನ್ನುವ ಸೋಂಕು ಬರುತ್ತದೆ ಅನ್ನುತ್ತಾರಲ್ಲ? ಬಸುರಿಯರಿಗೂ ಬೇಡ ಅನ್ನುತ್ತಾರೆ.

ತುಮಕೂರು_ಪಶುವೈದ್ಯ
ಬರುವುದು ನಿಜ. ಆದರೆ ಬೆಕ್ಕನ್ನು ಮುಟ್ಟಿದರೆ ಬರುವುದಲ್ಲ, ಅದರ ಮಲದಿಂದ. ಅದೂ ಮಲ ಹೊರಬಂದ ತಕ್ಷಣ ಅಂಟುವುದಿಲ್ಲ, ಅದರಲ್ಲಿರುವ ರೋಗಾಣು ಬಲಿಯಲು ಒಂದರಿಂದ ಐದು ದಿನ ಬೇಕು. ಅದಕ್ಕೇ ಬೆಕ್ಕು ಮಲ ಮಾಡುವ ಮಣ್ಣು ತುಂಬಿದ ತಟ್ಟೆಯನ್ನು ದಿನಾ ತೆಗೆಯಬೇಕು, ರೋಗಿ ಅಲ್ಲದೆ ಬೇರೆಯವರು ತೆಗೆಯಬೇಕು. ಇಲಿ ಹಿಡಿಯದ, ಹಸಿ ಮಾಂಸ ತಿನ್ನದ, ಮನೆಯೊಳಗೇ ಇರುವ ದೊಡ್ಡ ಬೆಕ್ಕಿನಿಂದ ಭಯ ಕಡಿಮೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಇದೇ ಕಾಯಿಲೆ ಬರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ನನಗೆ ಬೆಕ್ಕಿನ ವಿಷಯದಲ್ಲಿ ಜಾಸ್ತಿ ಯೋಚನೆ ಅದರ ಉಗುರಿನದು. ಚಿಗಟ ಇರುವ ಮರಿಬೆಕ್ಕು ಪರಚಿದರೆ ಗಂಟು ಊದಿ ಜ್ವರ ಬರುವ ಕಾಯಿಲೆಯೇ ಇದೆ. ಹುಳುಕಡ್ಡಿಯೂ ಮರಿಬೆಕ್ಕಿನಿಂದ ಸುಲಭವಾಗಿ ಅಂಟುತ್ತದೆ.

ಗಂಧದಗುಡಿ_ಶಿರಸಿ
ಬೆಕ್ಕಿನ ಮಾತು ಬಂದಿದ್ದಕ್ಕೆ ನಮ್ಮ ಮನೆಯ ಕಥೆ ಹೇಳುತ್ತೇನೆ. ಕ್ಯಾನ್ಸರ್ ಅಲ್ಲ, ಕಿಡ್ನಿ. ನಮ್ಮ ಅಣ್ಣನಿಗೆ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡುತ್ತಿದ್ದೆವು. ಚೀಲದಲ್ಲಿ ದ್ರವ, ಹೊಟ್ಟೆಗೆ ಟ್ಯೂಬು, ದಿನಕ್ಕೆ ನಾಲ್ಕು ಸಲ. ಅಣ್ಣನಿಗೆ ನಮ್ಮ ಬೆಕ್ಕು ಬೆಳ್ಳಿ ಅಂದರೆ ಪ್ರಾಣ. ದ್ರವ ತುಂಬಿ ಇಳಿಯುವ ಅರ್ಧ ಗಂಟೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇರುತ್ತಿದ್ದ.

ಒಂದು ದಿನ ಚೀಲಕ್ಕೆ ಇಳಿದ ನೀರು ಗಂಜಿತಿಳಿಯ ಹಾಗೆ ಮಬ್ಬಾಗಿ ಬಂತು. ಹೊಟ್ಟೆನೋವು, ಚಳಿ. ಶಿರಸಿಯಿಂದ ಹುಬ್ಬಳ್ಳಿಗೆ ಆಂಬುಲೆನ್ಸಿನಲ್ಲಿ ಹೋದೆವು. ಅಲ್ಲಿ ಲ್ಯಾಬಿನವರು ಕಲ್ಚರ್ ಮಾಡಿ, ಮನೆಯಲ್ಲಿ ಬೆಕ್ಕು ಇದೆಯಾ ಎಂದು ಕೇಳಿದರು. ಪಾಶ್ಚುರೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ, ಬೆಕ್ಕಿನ ಬಾಯಲ್ಲಿ ಇರುವುದು. ಮನೆಗೆ ಬಂದು ಉಳಿದ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟು ಎರಡು ತೂತು, ಅಕ್ಕಪಕ್ಕ. ಹಲ್ಲಿನ ಗುರುತು.

ಅಣ್ಣ ಗುಣವಾದ. ಬೆಳ್ಳಿಯನ್ನು ಕೊಟ್ಟುಬಿಡೋಣ ಎಂದರೆ ಒಪ್ಪಲಿಲ್ಲ. ಡಯಾಲಿಸಿಸ್ ಕೋಣೆಗೆ ಜಾಲರಿ ಬಾಗಿಲು ಹಾಕಿಸಿದೆವು. ಅವಳು ಜಾಲರಿಯ ಆಚೆ ಕೂತಿರುತ್ತಾಳೆ, ಅವನು ಈಚೆ. ಈಗ ಮೂರು ವರ್ಷ ಆಯಿತು.

ನೇತ್ರಾವತಿ_ದಂಡೆ
ಅಯ್ಯೋ. ಇದು ಗೊತ್ತೇ ಇರಲಿಲ್ಲ. ನನ್ನ ಸಲಹೆ ವಾಪಸ್ ತಗೊಳ್ಳುತ್ತೇನೆ.

ಗಂಧದಗುಡಿ_ಶಿರಸಿ
ವಾಪಸ್ ಯಾಕೆ? ಟ್ಯೂಬು ಇಲ್ಲದವರಿಗೆ ಬೆಕ್ಕು ಒಳ್ಳೆಯದೇ. ಯಾವ ಚಿಕಿತ್ಸೆ ಅನ್ನುವುದರ ಮೇಲೆ ಹೋಗುತ್ತದೆ ಅಂತ ಹೇಳಲು ಬರೆದೆ.

ಬನಶಂಕರಿ_ಕೆಂಪು
ಗಿಳಿ ಸಾಕಿ. ಮಾತಾಡುತ್ತದೆ, ಹೊತ್ತು ಹೋಗುತ್ತದೆ. ನಮ್ಮಜ್ಜಿ ಮನೆಯಲ್ಲಿತ್ತು.

ಹಕ್ಕಿಗೂಡು
ದಯವಿಟ್ಟು ಬೇಡ. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ. ಅಜ್ಜಿಯ ಕಾಲದಲ್ಲಿ ಸಾಕುತ್ತಿದ್ದರು, ಒಪ್ಪುತ್ತೇನೆ. ಆದರೆ ಮರದ ಪೊಟರೆಯಿಂದ ಮರಿ ಕದ್ದು ತಂದೇ ಅವು ಪೇಟೆಗೆ ಬರುವುದು. ಲವ್ ಬರ್ಡ್ಸ್ ತರಹದ ವಿದೇಶಿ ಹಕ್ಕಿ ಸಾಕಬಹುದು, ಆದರೆ ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಸೋಂಕು ಬರುತ್ತದೆ, ಅದು ಕೀಮೋದಲ್ಲಿ ಇರುವವರಿಗಲ್ಲ. ಅಂದ ಹಾಗೆ ಮಲ್ಲಿಗೆ ಅವರೇ, ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಬಿದ್ದಿದ್ದರೆ ನೀವು ಗುಡಿಸಬೇಡಿ.

ಬನಶಂಕರಿ_ಕೆಂಪು
ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಥ್ಯಾಂಕ್ಸ್. ಹಾಗಾದರೆ ಮೀನು?

ಹಕ್ಕಿಗೂಡು
ಮೀನು ಪರವಾಗಿಲ್ಲ, ತೊಟ್ಟಿಯ ನೀರಿಗೆ ಬರಿಗೈ ಹಾಕಬಾರದು ಅಷ್ಟೇ. ಕೈಯಲ್ಲಿ ಗಾಯ ಇದ್ದರೆ ಅಲ್ಲಿಂದಲೂ ಸೋಂಕು ಬರುತ್ತದೆ.

ಘಟಪ್ರಭಾ
ಲ್ಯಾಬ್ರಡಾರ್ ಯಾಕ್ರೀ, ನಮ್ಮ ಮುಧೋಳ ನಾಯಿ ತಗೊಳ್ಳಿ. 2005ರಲ್ಲಿ ಅದರ ಅಂಚೆಚೀಟಿ ಬಂದಿದೆ, ಸೈನ್ಯದಲ್ಲೂ ಇದೆ. ಕೂದಲು ಸಣ್ಣದು, ಉದುರುವುದು ಕಡಿಮೆ.

ಕಾಫಿಕಣಿವೆ
ಮುಧೋಳ ಬೇಟೆನಾಯಿ ಅಣ್ಣ. ಅದಕ್ಕೆ ಓಡಲು ಬಯಲು ಬೇಕು. ಮೈಸೂರಿನ 30-40 ಸೈಟಿನ ಮನೆಯಲ್ಲಿ, ಕೀಮೋ ಆಗುತ್ತಿರುವವರು ಹೇಗೆ ಓಡಿಸುತ್ತಾರೆ? ಬೆಕ್ಕು ಕಂಡು ಎಳೆದರೆ ಭುಜ ಕಿತ್ತು ಬರುತ್ತದೆ.

ಘಟಪ್ರಭಾ
ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇವೆ. ಮಕ್ಕಳ ಜೊತೆ ಮಗುವಿನ ಹಾಗೆ ಇರುತ್ತವೆ. ನೋಡದೆ ಮಾತಾಡಬೇಡಿ.

ತುಮಕೂರು_ಪಶುವೈದ್ಯ
ಇಬ್ಬರದೂ ಸರಿ. ಮುಧೋಳ ಮನೆಯವರ ಜೊತೆ ತುಂಬಾ ಮೆದು, ಹೊರಗೆ ಓಟ ಬೇಕೇ ಬೇಕು. ತಳಿಗಿಂತ ವಯಸ್ಸು, ಸ್ವಭಾವ ನೋಡೋಣ. ಎಳೆಯುವ ನಾಯಿಯ ಹಗ್ಗವನ್ನು ಮೇಡಂ ಎಡಗೈಯಲ್ಲಿ ಹಿಡಿಯಬಾರದು, ಅದು ಲ್ಯಾಬ್ ಆದರೂ ಅಷ್ಟೇ.

ಹೊಸಕೆರೆಹಳ್ಳಿ_ಫ್ಲಾಟ್
ನಾಯಿಯ ವಿಷಯ ಬಂತು ಅಂತ ಕೇಳುತ್ತಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನವರು ಲಿಫ್ಟಿನಲ್ಲಿ ನಾಯಿ ಬೇಡ ಅಂತ ಬೋರ್ಡ್ ಹಾಕಿದ್ದಾರೆ. ನಾವು 4ನೇ ಮಹಡಿ, ಅಮ್ಮನಿಗೆ ಸಂಧಿವಾತ. ಏನು ಮಾಡಬಹುದು?

ಹಕ್ಕಿಗೂಡು
ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಸಂಘದವರು ಸಾಕುಪ್ರಾಣಿ ನಿಷೇಧಿಸುವ ಹಾಗಿಲ್ಲ, ಲಿಫ್ಟ್ ನಿರಾಕರಿಸುವ ಹಾಗೂ ಇಲ್ಲ. ಪ್ರಿಂಟ್ ತೆಗೆದು ಕೊಡಿ. ಬೇರೆ ಚರ್ಚೆ ಶುರುಮಾಡಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ಗೋಕಾಕ_ಕರದಂಟು
ನನ್ನ ಹೆಂಡತಿಗೆ ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್ ಕೊಟ್ಟಿದ್ದರು, ವಿಕಿರಣ ಇರುವಂಥದ್ದು. ಪ್ರತಿ 8 ದಿನಕ್ಕೆ ಅರ್ಧ ಅರ್ಧ ಇಳಿಯುತ್ತಾ ಹೋಗುತ್ತದಂತೆ. ಮಕ್ಕಳನ್ನು ಎಷ್ಟು ದೂರ ಇಡಬೇಕೋ ನಾಯಿಯನ್ನೂ ಅಷ್ಟೇ ದೂರ ಇಡಿ ಎಂದರು. ನಮ್ಮ ರಾಜುವನ್ನು ತಮ್ಮನ ಮನೆಗೆ ಬಿಟ್ಟೆವು. ಅವಳು ಕಿಟಕಿಯ ಹತ್ತಿರ ಒಬ್ಬಳೇ, ಊಟದ ತಟ್ಟೆಯನ್ನೂ ಬಾಗಿಲಲ್ಲಿ ಇಡುತ್ತಿದ್ದೆ. ಎಲ್ಲಕ್ಕಿಂತ ಒಡನಾಟ ಬೇಕಾಗಿದ್ದಾಗಲೇ ಅದು ಇರಲಿಲ್ಲ. ಮಲ್ಲಿಗೆ ತಂಗಿ, ನಿಮ್ಮ ಚಿಕಿತ್ಸೆಯಲ್ಲಿ ಆ ಕಟ್ಟು ಇಲ್ಲ. ರೇಡಿಯೇಷನ್ ಅಂತ ಕೇಳಿ ಯಾರಾದರೂ ಹೆದರಿಸಿದರೆ ನಂಬಬೇಡಿ. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ.

ಬಯಲುಸೀಮೆ
ಎಲ್ಲರೂ ಸೋಂಕಿನ ಬಗ್ಗೆ ಬರೆದಿದ್ದೀರಿ. ನಾನು ಬೇರೆ ಮಾತು ಹೇಳಬೇಕು. ಕಟುವಾಗಿದ್ದರೆ ಕ್ಷಮಿಸಿ.

ನನ್ನ ತಂಗಿಗೆ ಅಂಡಾಶಯದ ಕ್ಯಾನ್ಸರ್. ಮೂರನೇ ಕೀಮೋ ಆದ ಮೇಲೆ ಅವಳಿಗೋಸ್ಕರ ನಾವೇ ಒಂದು ಮರಿ ತಂದೆವು. ಚಿನ್ನು ಅಂತ ಹೆಸರಿಟ್ಟಳು. ನಿಜ ಹೇಳುತ್ತೇನೆ, ಆ ಒಂದೂವರೆ ವರ್ಷ ಅವಳು ನಕ್ಕಿದ್ದರೆ ಅದರಿಂದ. ಅವಳು ಹೋದ ಮೇಲೆ ಚಿನ್ನು ಅವಳ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಭಾವನಿಗೆ ಅದನ್ನು ನೋಡುವ ಶಕ್ತಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಮಗುವಿಗೆ ಆಸ್ತಮಾ. ಮೂರು ತಿಂಗಳಿಗೆ ಒಂದು ಆಶ್ರಯಧಾಮಕ್ಕೆ ಬಿಟ್ಟು ಬಂದೆ. ಗೇಟಿನಿಂದ ಆಟೋವರೆಗೆ ಅದರ ಕೂಗು ಕೇಳುತ್ತಿತ್ತು. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವುದಿಲ್ಲ.

ನಾಯಿ ಔಷಧವಲ್ಲ, ಅದಕ್ಕೂ 12-13 ವರ್ಷದ ಬದುಕಿದೆ. ತರುವ ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ನಿಮಗೆ ಆಗದಿದ್ದರೆ ಯಾರು?

ನೇತ್ರಾವತಿ_ದಂಡೆ
ಇದನ್ನೆಲ್ಲ ಈಗ ಅವರಿಗೆ ಹೇಳಬೇಕಾ? ಚಿಕಿತ್ಸೆಯ ಮಧ್ಯೆ ಇದ್ದಾರೆ. ಧೈರ್ಯ ಹೇಳಲಾಗದಿದ್ದರೆ ಸುಮ್ನಿರಿ.

ಬಯಲುಸೀಮೆ
ನಾವು ಯಾರೂ ಆಗ ಕೇಳಿಕೊಳ್ಳಲಿಲ್ಲ, ಅದಕ್ಕೇ ಹೇಳಿದೆ.

ಮಲ್ಲಿಗೆ_ಮೈಸೂರು
ದಯವಿಟ್ಟು ಜಗಳ ಬೇಡ. ಬಯಲುಸೀಮೆ ಅಣ್ಣ, ನೀವು ಬರೆದಿದ್ದು ಓದಿ ತುಂಬಾ ಹೊತ್ತು ಕೂತಿದ್ದೆ. ಬೇಜಾರಾಗಲಿಲ್ಲ. ಆಪರೇಷನ್ ಆದಾಗಿನಿಂದ ನನ್ನ ಎದುರು ಎಲ್ಲರೂ "ಏನೂ ಆಗಲ್ಲ ಬಿಡು" ಅನ್ನುತ್ತಾರೆ. ನಿಮ್ಮ ಹಾಗೆ ಯಾರೂ ನೇರವಾಗಿ ಕೇಳಿರಲಿಲ್ಲ. ರಾತ್ರಿ ಯಜಮಾನರನ್ನು ಕೂರಿಸಿ ಇದೇ ಪ್ರಶ್ನೆ ಕೇಳಿದೆ. ಅವರು ಮೊದಲು ಎದ್ದು ಹೋದರು. ಆಮೇಲೆ ಬಂದು, "ನನಗೆ ನಾಯಿ ಸಾಕಲು ಬರಲ್ಲ, ಕಲಿಯಲು ಈಗ ಮನಸ್ಸೂ ಇಲ್ಲ" ಎಂದರು. ಮದುವೆಯಾಗಿ 23 ವರ್ಷ, ಅವರು ಹೀಗೆ ಬಾಯಿಬಿಟ್ಟು ಆಗಲ್ಲ ಎಂದಿದ್ದು ಕಡಿಮೆ. ಮರಿ ಬೇಡ ಅಂತ ಪರಿಚಯದವರಿಗೆ ಫೋನ್ ಮಾಡಿ ಹೇಳಿದೆ. ಹೇಳಿದ ಮೇಲೆ ಅತ್ತುಬಿಟ್ಟೆ, ಅದೂ ನಿಜ.

ಹಳೇಹುಬ್ಬಳ್ಳಿ
ಅಳಬೇಡಿ ತಂಗಿ. ನಾನು ಮೊದಲು ಗಟ್ಟಿಯಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಸಂಪಿಗೆ_ಮಲ್ಲೇಶ್ವರ
ನಾನು 2017ರಲ್ಲಿ ಇದೇ ಕಾಯಿಲೆ, ಇದೇ ಔಷಧ ದಾಟಿ ಬಂದವಳು. ಮಲ್ಲಿಗೆ, ನನ್ನ ಹತ್ತಿರ ಒಂದು ದಾರಿ ಇದೆ, ಕೇಳಿ.

ನನಗೂ ನಾಯಿ ಬೇಕು ಅನ್ನಿಸಿತ್ತು. ಆದರೆ ಕೀಮೋ ಆದ ಮೊದಲ ನಾಲ್ಕು ದಿನ ಬಾತ್‌ರೂಮಿಗೆ ಗೋಡೆ ಹಿಡಿದು ಹೋಗುವ ಸ್ಥಿತಿ. ನಾಯಿಗೆ ಊಟ ಯಾರು ಹಾಕುತ್ತಾರೆ? ಆಗ ಕೆಳಗಿನ ಮನೆಯ ಅಂಕಲ್ ಹತ್ತಿರ ಒಂಬತ್ತು ವರ್ಷದ ಸ್ಪಿಟ್ಜ್ ಇತ್ತು, ಟಾಮಿ. ಅಂಕಲ್ ಬ್ಯಾಂಕಿನ ಕೆಲಸಕ್ಕೆ, ಲೈಬ್ರರಿಗೆ ಅಂತ ಹೊರಗೆ ಹೋಗುವಾಗ ಟಾಮಿ ಒಬ್ಬನೇ. ನಾನೇ ಕೇಳಿದೆ, ಹಗಲು ನಮ್ಮನೆಗೆ ಕಳಿಸುತ್ತೀರಾ ಅಂತ. ಬೆಳಗ್ಗೆ ವಾಕಿಂಗ್, ಊಟ, ಬಹಿರ್ದೆಸೆ ಎಲ್ಲ ಮುಗಿಸಿ 11ಕ್ಕೆ ಬಿಟ್ಟು ಹೋಗುತ್ತಿದ್ದರು, 4ಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕೌಂಟ್ ಇಳಿಯುವ ವಾರ ಬರುತ್ತಿರಲಿಲ್ಲ. ನನ್ನ ಡಾಕ್ಟರ್ ಒಪ್ಪಿದರು, ಯಾಕೆಂದರೆ ಗಲೀಜು ತೆಗೆಯುವ ಕೆಲಸ ಒಂದೂ ನನ್ನದಲ್ಲ.

ವಯಸ್ಸಾದ ನಾಯಿಯ ಸುಖ ಏನು ಗೊತ್ತಾ? ಅದಕ್ಕೂ ಮಧ್ಯಾಹ್ನ ಮಲಗಬೇಕು. ನನಗೂ ಮಲಗಬೇಕಿತ್ತು. ಫ್ಯಾನಿನ ಕೆಳಗೆ ಅದು ಗೊರಕೆ ಹೊಡೆಯುತ್ತಿತ್ತು, ಆ ಶಬ್ದಕ್ಕೇ ನಿದ್ದೆ ಬರುತ್ತಿತ್ತು.

ಇನ್ನೊಂದು ವಿಷಯ. ಡಾಕ್ಟರ ಹತ್ತಿರ "ನಾಯಿ ತರಬಹುದಾ" ಅಂತ ಕೇಳಬೇಡಿ. ಅದಕ್ಕೆ ಉತ್ತರ ಬೇಡ ಎಂದೇ ಬರುತ್ತದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ: ಇಷ್ಟು ವರ್ಷದ ನಾಯಿ, ಈ ಲಸಿಕೆಗಳಾಗಿವೆ, ಮಲ ಮೂತ್ರ ನಾನು ಮುಟ್ಟುವುದಿಲ್ಲ, ದಿನಕ್ಕೆ ಇಷ್ಟು ಹೊತ್ತು, ಯಾವ ದಿನಗಳಲ್ಲಿ ಬೇಡ ಹೇಳಿ. ಆಗ ತಲೆ ಎತ್ತಿ ನೋಡುತ್ತಾರೆ.

ತುಮಕೂರು_ಪಶುವೈದ್ಯ
ಇದು ನಾನು ಓದಿದ ಅತಿ ಒಳ್ಳೆಯ ಸಲಹೆ. ಸೇರಿಸುವುದಾದರೆ, ಆ ನಾಯಿಗೆ ಹಸಿ ಮಾಂಸ ಹಾಕುವ ರೂಢಿ ಇದ್ದರೆ ನಿಲ್ಲಿಸಲು ಹೇಳಿ. ಕೆನ್ನಲ್ ಕೆಮ್ಮಿಗೆ (ನಾಯಿಗಳಲ್ಲಿ ಹರಡುವ ಕೆಮ್ಮು) ಮೂಗಿಗೆ ಹಾಕುವ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಅದನ್ನು ಹಾಕಿಸಿದ್ದರೆ ಮೊದಲು ನಿಮ್ಮ ಡಾಕ್ಟರಿಗೆ ತಿಳಿಸಿ.

ಬಯಲುಸೀಮೆ
ಸಂಪಿಗೆ ಅಕ್ಕ, ಇದು ನಮಗೆ ಹೊಳೆಯಲೇ ಇಲ್ಲ.

ಕೀಮೋ_ವಾರ್ಡ್_ಸಿಸ್ಟರ್
ಯಾವ ನಾಯಿಯಾದರೂ ಸರಿ, ಪರಚಿತು ಅಥವಾ ಕಚ್ಚಿತು ಅಂದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಸಣ್ಣ ಪರಚಿದ ಗಾಯ ಅಂತ ಬಿಡಬೇಡಿ. ರೇಬೀಸ್ ಸಂಶಯ ಇದ್ದರೆ ನಿಮ್ಮಂಥವರಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ರೋಗಾಣುವಿನ ವಿರುದ್ಧ ಸಿದ್ಧ ಪ್ರತಿಕಾಯ ಇರುವ ಇಂಜೆಕ್ಷನ್) ಕೂಡ ಕೊಡಬೇಕಾಗುತ್ತದೆ.

ಬನಶಂಕರಿ_ಕೆಂಪು
ಮಲ್ಲಿಗೆ ಮೇಡಂ, ಆಮೇಲೆ ಏನಾಯಿತು ಅಂತ ತಿಳಿಸಿ. ಕಾಯುತ್ತಿರುತ್ತೇವೆ.

ಮಲ್ಲಿಗೆ_ಮೈಸೂರು
ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೆಂಪು ಔಷಧ ನಾಲ್ಕೂ ಮುಗಿಯಿತು. ನಾಲ್ಕನೆಯದರಲ್ಲಿ ಜ್ವರ ಬಂದು ಮೂರು ದಿನ ಅಡ್ಮಿಟ್ ಆಗಿದ್ದೆ, ಆಗ ನಾಯಿ ಇನ್ನೂ ಬಂದಿರಲಿಲ್ಲ. ಸಿಸ್ಟರ್, ರಾತ್ರಿ ಹನ್ನೆರಡೂವರೆಗೇ ಹೊರಟೆವು, ನೀವು ಬರೆದಿದ್ದು ಯಜಮಾನರಿಗೂ ಓದಿಸಿದ್ದೆ. ಈಗ ವಾರದ ಔಷಧ ಮೂರು ಆಗಿದೆ. ಇದರಲ್ಲಿ ವಾಂತಿ ಇಲ್ಲ. ಕಾಲಿನ ಬೆರಳು ಮಾತ್ರ ಜೋಮು ಹಿಡಿದ ಹಾಗೆ ಇರುತ್ತದೆ, ಚಪ್ಪಲಿ ಜಾರಿದರೂ ಗೊತ್ತಾಗುವುದಿಲ್ಲ.

ನಾಲ್ಕು ಮನೆ ಆಚೆ ಒಬ್ಬ ರಿಟೈರ್ಡ್ ಟೀಚರ್ ಇದ್ದಾರೆ. ಅವರ ಹತ್ತಿರ ಎಂಟು ವರ್ಷದ ಹೆಣ್ಣು ನಾಯಿ, ಬೀದಿಯಿಂದಲೇ ಎತ್ತಿಕೊಂಡು ಬಂದು ಸಾಕಿದ್ದು. ಹೆಸರು ಗೌರಿ. ಅವರು ಮೊಮ್ಮಗಳನ್ನು ನೋಡಿಕೊಳ್ಳಲು ಹಗಲು ಮಗಳ ಮನೆಗೆ ಹೋಗುತ್ತಾರೆ. ನಾನು ಕೇಳಲು ಎರಡು ದಿನ ಹಿಂದೆಮುಂದೆ ನೋಡಿದೆ. ಕೇಳಿದ ತಕ್ಷಣ ಅವರು, "ಇವಳನ್ನು ಬೀಗ ಹಾಕಿ ಹೋಗುವಾಗ ನನಗೆ ದಿನಾ ಸಂಕಟ ಆಗುತ್ತಿತ್ತು ಕಣಮ್ಮ" ಎಂದರು. ಮಲ ಪರೀಕ್ಷೆ, ಲಸಿಕೆ ಚೀಟಿ, ಉಗುರು, ಎಲ್ಲ ಅವರೇ ಮಾಡಿಸಿದರು. ಸಂಪಿಗೆ ಅಕ್ಕ ಹೇಳಿದ ಹಾಗೆ ಚೀಟಿ ಬರೆದುಕೊಂಡು ಹೋದೆ. ಡಾಕ್ಟರ್ ಪೂರ್ತಿ ಓದಿದರು. ರಕ್ತದ ರಿಪೋರ್ಟ್ ನೋಡಿ ಪ್ರತಿ ವಾರ ಹೇಳುತ್ತೇನೆ ಎಂದರು. ಮೂರು ವಾರದಲ್ಲಿ ಒಂದು ವಾರ ಬೇಡ ಎಂದರು, ಆ ವಾರ ಗೌರಿ ಬರಲಿಲ್ಲ.

ಅತ್ತೆಗೆ ಫೋನಿನಲ್ಲಿ ಹೇಳಿದೆ. ದೇವರಮನೆ ಕಡೆ ಬಿಡಬೇಡ ಎಂದರು. ನಿನ್ನೆ ಅವರೇ ಫೋನ್ ಮಾಡಿ ಮೊದಲು ಕೇಳಿದ್ದು, ಗೌರಿ ಬಂದಳಾ ಅಂತ.

ಗೌರಿ ಮಹಾ ಗಂಭೀರ. ಬರುತ್ತಾಳೆ, ಮನೆಯೆಲ್ಲ ಒಂದು ಸುತ್ತು ಮೂಸಿ ನೋಡುತ್ತಾಳೆ, ನಾನು ಕೂತ ಕುರ್ಚಿಯ ಕೆಳಗೆ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಾಳೆ. ಕಾಲುಚೀಲ ಹಾಕಿಕೊಂಡಿರುತ್ತೇನೆ ಸಿಸ್ಟರ್. ಕಂದು ನಾಯಿಯೂ ಬರುತ್ತದೆ, ಕಂಬಿಯ ಆಚೆ. ಮಗ ರಜೆಗೆ ಬಂದಾಗ ಬೀದಿನಾಯಿಗಳಿಗೆ ಲಸಿಕೆ ಹಾಕುವವರನ್ನು ಕರೆಸಿ ಅದಕ್ಕೆ ರೇಬೀಸ್ ಇಂಜೆಕ್ಷನ್ ಹಾಕಿಸಿದ. ಗೌರಿ ಅದನ್ನು ನೋಡಿ ಒಂದು ಸಲ ಗುರ್ ಅಂದಳು, ಈಗ ಇಬ್ಬರೂ ಅಭ್ಯಾಸವಾಗಿದ್ದಾರೆ.

ಪಶುವೈದ್ಯರಿಗೆ ಒಂದು ಪ್ರಶ್ನೆ. ಮಧ್ಯಾಹ್ನ ನನಗೆ ಸೇರುವುದು ಮೊಸರನ್ನ ಒಂದೇ. ನಾನು ತಟ್ಟೆ ಹಿಡಿದರೆ ಎದ್ದು ಕೂರುತ್ತಾಳೆ, ಕೇಳುವುದಿಲ್ಲ, ಸುಮ್ನೆ ತಟ್ಟೆಯನ್ನೇ ನೋಡುತ್ತಾಳೆ. ಕೊಡಬಹುದಾ?

ತುಮಕೂರು_ಪಶುವೈದ್ಯ
ಟೀಚರನ್ನು ಕೇಳಿ, ಹೊಟ್ಟೆಗೆ ಆಗುತ್ತದೆ ಎಂದರೆ ಎರಡು ಚಮಚ ಕೊಡಿ. ಉಪ್ಪು ಹಾಕುವ ಮೊದಲು ತೆಗೆದಿಡಿ. ಒಗ್ಗರಣೆ ಬೇಡ, ಈರುಳ್ಳಿ ಅಂತೂ ಬೇಡವೇ ಬೇಡ. ಅವಳದೇ ತಟ್ಟೆ ಇರಲಿ.

ಮಲ್ಲಿಗೆ_ಮೈಸೂರು
ಸರಿ ಡಾಕ್ಟ್ರೇ. ಸ್ಟೀಲ್ ತಟ್ಟೆ ಒಂದು ಬೇರೆ ಇಟ್ಟಿದ್ದೇನೆ. ಟೀಚರೇ ಬಂದು ತೊಳೆಯುತ್ತಾರೆ.